ಹತ್ತಡಿಯ ಫಿಶಿಂಗ್ ಕಯಾಕ್: ದೋಣಿ ಪಾಸು, ಸ್ಕ್ರೂ ಫೇಲು

ಹತ್ತಡಿ ಉದ್ದ, ಎರಡೂವರೆ ಅಡಿಗಿಂತ ತುಸು ಹೆಚ್ಚು ಅಗಲ, ಮೇಲೆ ಕೂರುವ ಮಾದರಿ, ಪಾಲಿಥೀನ್‌ನ ಒಂದೇ ಅಚ್ಚು, ತೂಕ 26ರಿಂದ 28 ಕಿಲೋ. ಆನ್‌ಲೈನಲ್ಲಿ ಫಿಶಿಂಗ್ ಕಯಾಕ್ (ಮೀನು ಹಿಡಿಯಲು ಹುಟ್ಟು ಹಾಕಿ ಸಾಗುವ ಪುಟ್ಟ ದೋಣಿ) ಎಂದು ಹುಡುಕಿದರೆ ಎದುರಾಗುವ ಜಾತಿ ಇದು. ಸ್ಟಿಕರ್ ಮೇಲಿನ ಹೆಸರು ಬೇರೆ ಬೇರೆ. ಮಗುಚಿ ನೋಡಿದರೆ ಅಡಿಯ ಗೆರೆ, ನೀರು ಹೊರಹೋಗುವ ತೂತು ಎಲ್ಲ ಹೆಚ್ಚುಕಡಿಮೆ ಅದೇ. ಜೊತೆಗೆ ಅಲ್ಯೂಮಿನಿಯಂ ಚೌಕಟ್ಟಿನ ಸೀಟು, ಸೀಟಿನ ಹಿಂದೆ ಎರಡು ರಾಡ್ ಹೋಲ್ಡರ್ (ಗಾಳದ ಕೋಲು ಸಿಕ್ಕಿಸುವ ಹಿಡಿ), ಎದುರಿಗೆ ತಿರುಗುವಂಥದ್ದು ಒಂದು, ಎರಡು ಹ್ಯಾಚ್ (ದೋಣಿಯ ಹೊಟ್ಟೆಗೆ ಕೈ ಹಾಕುವ ಮುಚ್ಚಳದ ಬಾಯಿ), ಒಂದು ಹುಟ್ಟು. ಈ ವಿಮರ್ಶೆ ಇಡೀ ಜಾತಿಗೆ, ಒಂದು ಕಂಪನಿಗೆ ಅಲ್ಲ.

ಕೊಳ್ಳಬಹುದೇ? ಧಾರಾಳವಾಗಿ. ಉಡುಪಿ, ಮಂಗಳೂರು ಕಡೆಯ ಉದ್ಯಾವರ ಹೊಳೆ, ಸ್ವರ್ಣಾ, ಸೀತಾ, ಶಾಂಭವಿ, ಗುರುಪುರ ಹೊಳೆ, ಸಾಲಿಗ್ರಾಮದ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವಿನ ಹಿನ್ನೀರು, ಇಲ್ಲೆಲ್ಲ ಈ ಅಳತೆಯ ದೋಣಿ ಸಾಕು. ಅಗಲ ಇರುವುದರಿಂದ ಮೀನು ಎಳೆದಾಗ ಓಲಾಡುವುದಿಲ್ಲ, ಗಿಡ್ಡ ಇರುವುದರಿಂದ ಕಾಂಡ್ಲಾ ಬೇರುಗಳ ಸಂದಿಯಲ್ಲಿ ಬೇಗ ತಿರುಗುತ್ತದೆ. ವೇಗ ಕೇಳಬೇಡಿ, ಅದು ಇದರ ಗುಣವಲ್ಲ. ಆದರೆ ಬಂದ ಹಾಗೇ ನೀರಿಗೆ ಇಳಿಸುವ ಸಾಮಾನೂ ಇದಲ್ಲ. ಮೈ ಉಪ್ಪುನೀರನ್ನು ತಾಳುತ್ತದೆ, ಅದಕ್ಕೆ ಹೊಡೆದ ಫಿಟ್ಟಿಂಗ್ ಸಿಹಿನೀರಿನ ಕೆರೆಗೆ ಮಾಡಿದ್ದು. ಫಿಶ್‌ಫೈಂಡರ್‌ಗೆಂದು (ನೀರಡಿಯ ಆಳ, ಮೀನು ತೋರಿಸುವ ಯಂತ್ರ) ತೆಗೆದಿಟ್ಟ ದುಡ್ಡಲ್ಲಿ ಒಂದು ಪಾಲು ಮೊದಲು ನಟ್ಟು ಬೋಲ್ಟಿಗೆ ಹೋಗಲಿ.

ಮನೆಗೆ ಬಂದ ದಿನ ಸಂಜೆ, ಕತ್ತಲಾದ ಮೇಲೆ, ಹ್ಯಾಚ್ ತೆಗೆದು ಒಳಗೆ ಜೋರು ಬೆಳಕಿನ ಟಾರ್ಚ್ ಇಟ್ಟು ಹೊರಗಿನಿಂದ ನೋಡಿ. ಅಚ್ಚನ್ನು ತಿರುಗಿಸಿ ಕರಗಿದ ಪ್ಲಾಸ್ಟಿಕ್ ಹರಡುವ ವಿಧಾನದಲ್ಲಿ ಗೋಡೆಯ ದಪ್ಪ ಎಲ್ಲ ಕಡೆ ಒಂದೇ ಬರುವುದಿಲ್ಲ. ತೆಳುವಾದ ಜಾಗದಲ್ಲಿ ಬೆಳಕು ಹೆಚ್ಚು ಕಾಣುತ್ತದೆ. ಕಪ್ಪು ಬಣ್ಣದ ದೋಣಿಗೆ ಈ ಉಪಾಯ ನಡೆಯದು, ಹೆಬ್ಬೆರಳಲ್ಲಿ ಒತ್ತಿಯೇ ತಿಳಿಯಬೇಕು. ನೋಡಬೇಕಾದ್ದು ಮುಖ್ಯವಾಗಿ ಮೂರು ಕಡೆ: ಹಿಂಬದಿಯ ಅಡಿ, ಸೀಟಿನ ಕೆಳಗೆ, ನೀರು ಹೊರಹೋಗುವ ತೂತುಗಳ ಸುತ್ತ. ಆಮೇಲೆ ಸೋರಿಕೆ ಪರೀಕ್ಷೆ. ಹ್ಯಾಚ್ ಮುಚ್ಚಿ, ಡ್ರೈನ್ ಪ್ಲಗ್ ತೆಗೆದ ತೂತಿಗೆ ಬಾಯಿಂದ ಗಾಳಿ ಊದಿ, ಜೋಡಣೆಗಳ ಮೇಲೆ ಸೋಪು ನೀರು ಹಚ್ಚಿ. ಗುಳ್ಳೆ ಎದ್ದಲ್ಲಿ ಸೋರಿಕೆ. ಕಂಪ್ರೆಸರ್ ಮಾತ್ರ ಬೇಡ, ಮೈ ಉಬ್ಬಿ ಹ್ಯಾಚಿನ ಅಂಚು ಬಿಟ್ಟುಕೊಳ್ಳುತ್ತದೆ. ಬಿರುಕು ಕಂಡರೆ ವಾಪಸ್ ಕಳಿಸಿ. ಎಂ-ಸೀಲ್ ಮೆತ್ತಿ ಪ್ರಯೋಜನವಿಲ್ಲ, ಪಾಲಿಥೀನ್‌ಗೆ ಅಂಟು ಹಿಡಿಯುವುದಿಲ್ಲ. ಅದೇ ಪ್ಲಾಸ್ಟಿಕ್ಕಿನ ಕಡ್ಡಿಯನ್ನು ಬಿಸಿಗಾಳಿಯಲ್ಲಿ ಕರಗಿಸಿ ಬೆಸೆಯುವುದೊಂದೇ ದಾರಿ.

ಈಗ ಸ್ಕ್ರೂಗಳಿಗೆ ಬರೋಣ, ಅಸಲು ತಕರಾರು ಅಲ್ಲಿರುವುದು. ಜೊತೆಗೆ ಬಂದ ಸ್ಕ್ರೂಗೆ ಅಯಸ್ಕಾಂತ ಹಿಡಿಯಿರಿ. ಟಪ್ ಎಂದು ಕಚ್ಚಿಕೊಂಡರೆ ಅದು ಹೆಚ್ಚಾಗಿ ಲೇಪನ ಹಾಕಿದ ಕಬ್ಬಿಣ. ಅಳಿವೆಯ ನೀರು ಕಂಡ ಕೆಲವೇ ವಾರಗಳಲ್ಲಿ ಕೆಂಪು ನೀರು ಇಳಿಸಲು ಶುರುಮಾಡುತ್ತದೆ. ಕಚ್ಚದಿದ್ದರೂ ಸಮಾಧಾನಪಡಬೇಡಿ, 304 ಇರಬಹುದು, 316 ಇರಬಹುದು (ಎರಡೂ ಸ್ಟೇನ್‌ಲೆಸ್ ಸ್ಟೀಲಿನ ದರ್ಜೆ, ಉಪ್ಪುನೀರನ್ನು ಹೆಚ್ಚು ತಾಳುವುದು 316), ಅಯಸ್ಕಾಂತಕ್ಕೆ ಆ ವ್ಯತ್ಯಾಸ ತಿಳಿಯದು. ಬೋಲ್ಟಿನ ತಲೆ ನೋಡಿ: ಎ2 ಎಂದಿದ್ದರೆ 304ರ ಜಾತಿ, ಎ4 ಎಂದಿದ್ದರೆ 316. ನಮ್ಮ ಹೊಳೆಬಾಯಿಗಳಿಗೆ ಎ4 ಬೇಕು. ಮಂಗಳೂರಿನ ಬಂದರು ಪ್ರದೇಶದ ಹಾರ್ಡ್‌ವೇರ್ ಅಂಗಡಿಗಳಲ್ಲಿ, ಮಲ್ಪೆ ಬಂದರಿನ ಸುತ್ತ ದೋಣಿ ಸಾಮಾನು ಮಾರುವಲ್ಲಿ ಕೇಳಿ. ಬರೀ ‘ಎಸ್‌ಎಸ್ ಬೋಲ್ಟ್’ ಎಂದರೆ ಕೈಗೆ 304 ಬರುವ ಸಂಭವವೇ ಹೆಚ್ಚು.

ಎರಡನೇ ತೊಂದರೆ, ಸ್ಕ್ರೂವನ್ನು ನೇರ ಪ್ಲಾಸ್ಟಿಕ್ಕಿಗೆ ತಿರುಗಿಸಿರುವುದು. ಗೋಡೆಯ ದಪ್ಪ ಐದಾರು ಮಿಲಿಮೀಟರ್. ರಾಡ್ ಎಳೆದಂತೆಲ್ಲ ತೂತು ಒಂದಿಷ್ಟು ಅಗಲವಾಗುತ್ತದೆ, ಒಂದು ದಿನ ರಾಡ್ ಹೋಲ್ಡರ್ ಸ್ಕ್ರೂ ಸಮೇತ ಕಿತ್ತು ಬರುತ್ತದೆ. ಹ್ಯಾಚಿನಿಂದ ಕೈ ತಲುಪುವ ಕಡೆಯೆಲ್ಲ ಎಂ5 ಬೋಲ್ಟ್ ಹಾಕಿ: 5.5 ಮಿ.ಮೀ. ತೂತು, ಒಳಗಡೆ 20ರಿಂದ 25 ಮಿ.ಮೀ. ಅಗಲದ ವಾಷರ್, ನೈಲಾನ್ ಬಳೆಯಿರುವ ನಟ್ಟು. ಸ್ಟೀಲ್ ಮೇಲೆ ಸ್ಟೀಲ್ ಒಣಗಿ ತಿರುಗಿದರೆ ಮರೆ (ಬೋಲ್ಟಿನ ಸುರುಳಿ ಗೆರೆ) ಕಚ್ಚಿಕೊಂಡು ಅರ್ಧದಲ್ಲಿ ನಿಲ್ಲುತ್ತದೆ, ಆಮೇಲೆ ಕತ್ತರಿಸಿಯೇ ತೆಗೆಯಬೇಕು. ಮೊದಲೇ ಒಂದು ತೊಟ್ಟು ಗ್ರೀಸ್ ಹಚ್ಚಿ, ನಿಧಾನವಾಗಿ ತಿರುಗಿಸಿ. ಕೈ ತಲುಪದ ಕಡೆ ವೆಲ್‌ನಟ್, ಅಂದರೆ ರಬ್ಬರಿನ ಅಂಗಿ ತೊಟ್ಟ ಹಿತ್ತಾಳೆ ನಟ್ಟು. ಬಿಗಿ ಮಾಡಿದಾಗ ರಬ್ಬರ್ ಒಳಗೆ ಉಬ್ಬಿ ಹಿಡಿಯುತ್ತದೆ, ನೀರನ್ನೂ ತಡೆಯುತ್ತದೆ. ಅತಿ ಬಿಗಿ ಮಾಡಿದರೆ ರಬ್ಬರ್ ಸೀಳುತ್ತದೆ. ಲಂಗರಿನ ಭಾರ ಬೀಳುವ ಯಾವುದನ್ನೂ ವೆಲ್‌ನಟ್‌ಗೆ ಒಪ್ಪಿಸಬೇಡಿ. ಸಾಮಾನ್ಯ ಪಾಪ್ ರಿವೆಟ್ ಬೇಡವೇ ಬೇಡ. ಮೆದು ಪ್ಲಾಸ್ಟಿಕ್ಕಿನಲ್ಲಿ ಜಾರುತ್ತದೆ, ಮೇಲಾಗಿ ಅಲ್ಯೂಮಿನಿಯಂ ರಿವೆಟ್ಟೂ ಸ್ಟೀಲೂ ಉಪ್ಪುನೀರಲ್ಲಿ ಒಂದನ್ನೊಂದು ಮುಟ್ಟಿಕೊಂಡಿದ್ದರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ. ಸೀಟಿನ ಚೌಕಟ್ಟಿನ ಕೀಲುಗಳಲ್ಲಿ ಕಾಣುವ ಬಿಳಿ ಪುಡಿಯ ಕಾರಣವೂ ಇದೇ.

ಫಿಟ್ಟಿಂಗಿನ ತೂತಿನಿಂದ ನೀರು ಬರದಂತೆ ಸಿಲಿಕಾನ್ ಅಂಟು ಹಚ್ಚಿ ನಂಬಬೇಡಿ. ಪಾಲಿಥೀನ್ ಮೇಲೆ ಅದು ಒಣಗುತ್ತದೆ, ಆದರೆ ಉಗುರಲ್ಲಿ ಎತ್ತಿದರೆ ಪೂರ್ತಿ ಎದ್ದು ಬರುತ್ತದೆ. ಇಲ್ಲಿ ನೀರು ತಡೆಯಬೇಕಾದ್ದು ಅಂಟಲ್ಲ, ಒತ್ತಡ. 3 ಮಿ.ಮೀ. ನಿಯೋಪ್ರೀನ್ (ಮೆದು ರಬ್ಬರ್) ಹಾಳೆಯನ್ನು ಫಿಟ್ಟಿಂಗಿನ ಆಕಾರಕ್ಕೆ ಕತ್ತರಿಸಿ ನಡುವೆ ಇಡಿ, ಅಥವಾ ಬ್ಯೂಟೈಲ್ ಟೇಪ್ ಹಾಕಿ. ಬಿಗಿ ಮಾಡಿದ ಮರುದಿನ ಇನ್ನೊಮ್ಮೆ ಸ್ಪ್ಯಾನರ್ ಹಾಕಿ ನೋಡಿ, ಅರ್ಧ ಸುತ್ತು ಸಡಿಲವಾಗಿರುತ್ತದೆ. ಒತ್ತಡದಲ್ಲಿ ಪಾಲಿಥೀನ್ ನಿಧಾನ ಸರಿಯುವುದು ಅದರ ಸ್ವಭಾವ. ಡ್ರಿಲ್ ಬಿಟ್ಟಿಗೆ ತುದಿಯಿಂದ 10 ಮಿ.ಮೀ. ಬಿಟ್ಟು ಟೇಪ್ ಸುತ್ತಿ. ಕೈ ಜಾರಿ ಒಳಗೆ ನುಗ್ಗಿದರೆ ನೀರು ಹೊರಹೋಗುವ ತೂತಿನ ಕೊಳವೆಯ ಗೋಡೆಗೆ ತಾಗುತ್ತದೆ.

ಸೀಟಿನ ಹಿಂದಿನ ರಾಡ್ ಹೋಲ್ಡರ್‌ಗಳನ್ನು ಬಿಚ್ಚಿ ಕೆಳಗಿನ ತುದಿ ನೋಡಿ. ಕೆಲವದರ ತಳ ತೆರೆದಿರುತ್ತದೆ! ಅಲೆಯ ನೀರು ಕೊಳವೆಯೊಳಗಿಂದ ಸೀದಾ ದೋಣಿಯ ಹೊಟ್ಟೆಗೆ. ದೋಣಿ ‘ಸುಮ್ಮನೆ’ ಭಾರವಾಗುತ್ತಿದ್ದರೆ ಹ್ಯಾಚನ್ನು ಬೈಯುವ ಮೊದಲು ಇದನ್ನು ನೋಡಬೇಕು. ತಳ ಮುಚ್ಚಿದ ಮಾದರಿ ಹಾಕಿಸಿ. ಮುಂದಿನ ಹೋಲ್ಡರ್‌ನ ಜಾಗವೂ ತಪ್ಪು: ಹುಟ್ಟು ಹಾಕುವಾಗ ಗೆಣ್ಣಿಗೆ ತಾಗುತ್ತದೆ. ಅಂಗಳದಲ್ಲಿ ದೋಣಿಯಿಟ್ಟು, ಲೈಫ್ ಜಾಕೆಟ್ ತೊಟ್ಟು ಕೂತು, ಗಾಳಿಯಲ್ಲೇ ಹುಟ್ಟು ಬೀಸಿ, ಕೈ ಓಡದ ಜಾಗಕ್ಕೆ ಮಾಸ್ಕಿಂಗ್ ಟೇಪ್ ಅಂಟಿಸಿ. ತೂತು ಕೊರೆಯುವುದು ಆಮೇಲೆ. ಎರಡೂ ಬದಿಗೆ 30 ಸೆಂ.ಮೀ. ಉದ್ದದ ಟ್ರ್ಯಾಕ್ ಹಾಕಿಸಿದರೆ ಹೋಲ್ಡರನ್ನು ಬೇಕಾದಲ್ಲಿಗೆ ಸರಿಸಬಹುದು, ಹೊಸ ತೂತಿನ ಗೋಜಿಲ್ಲ. ರಾಡ್‌ಗೆ ಹಗ್ಗ ಕಟ್ಟುವುದು ಮರೆಯಬೇಡಿ.

ಹುಟ್ಟು ಗಿಡ್ಡವಾಯಿತು. ಜೊತೆಗೆ ಬರುವುದು 215ರಿಂದ 220 ಸೆಂ.ಮೀ.; ಇಷ್ಟು ಅಗಲದ ದೋಣಿಗೆ, ಅದರಲ್ಲೂ ಎತ್ತರದ ಸೀಟಿಗೆ, 240 ಬೇಕು. ಇಲ್ಲವಾದರೆ ಅಂಚಿಗೆ ಗೆಣ್ಣು ಸವೆಯುತ್ತದೆ, ಹುಟ್ಟಿನ ನೀರೆಲ್ಲ ತೊಡೆಯ ಮೇಲೆ.

ಲಂಗರಿನ ವಿಷಯದಲ್ಲಿ ಮಾತ್ರ ಅಸಡ್ಡೆ ಸಲ್ಲದು. ಮಡಚುವ 1.5 ಕಿಲೋ ಲಂಗರು ಮರಳಿಗೂ ಕೆಸರಿಗೂ ಸಾಕು. ಲಂಗರಿನ ಕಿಟ್‌ನಲ್ಲಿ ಬರುವ ಪಾಲಿಪ್ರೊಪಿಲೀನ್ ಹಗ್ಗ ನೀರಿನ ಮೇಲೆ ತೇಲುತ್ತದೆ, ಹೋಗುವ ಬರುವ ದೋಣಿಗಳ ಪ್ರೊಪೆಲ್ಲರ್‌ಗೆ ಸುತ್ತಿಕೊಳ್ಳುತ್ತದೆ. 6 ಮಿ.ಮೀ. ನೈಲಾನ್ ಹಗ್ಗ ಮುಳುಗುತ್ತದೆ, ಒಂದಿಷ್ಟು ಹಿಗ್ಗುತ್ತದೆ ಕೂಡ. ಆಳದ ಐದಾರು ಪಟ್ಟು ಉದ್ದ ಇರಬೇಕು: ನಾಲ್ಕು ಮೀಟರ್ ನೀರಿಗೆ 20ರಿಂದ 24 ಮೀಟರ್. ಕಡಿಮೆಯಾದರೆ ಲಂಗರು ಕಚ್ಚದೆ ತೆವಳುತ್ತದೆ. ಕಲ್ಲಿನ ತಳವಿದ್ದರೆ ಹಗ್ಗವನ್ನು ಲಂಗರಿನ ಕೆಳತುದಿಗೆ ಕಟ್ಟಿ, ಮೇಲಿನ ಬಳೆಗೆ ತೆಳುವಾದ ಕೇಬಲ್ ಟೈ ಒಂದನ್ನೇ ಹಾಕಿ. ಸಿಕ್ಕಿಹಾಕಿಕೊಂಡಾಗ ಜೋರಾಗಿ ಎಳೆದರೆ ಟೈ ತುಂಡಾಗಿ ಲಂಗರು ತಲೆಕೆಳಗಾಗಿ ಬಿಡಿಸಿಕೊಂಡು ಬರುತ್ತದೆ.

ಆದರೆ ಆ ಹಗ್ಗವನ್ನು ಸೀಟಿನ ಪಕ್ಕದ ಹಿಡಿಗೆ ಕಟ್ಟಿದಿರೋ, ಕೆಟ್ಟಿರಿ. ಸ್ವರ್ಣಾ, ಸೀತಾ ಎರಡೂ ಕೂಡಿ ಕಡಲಿಗೆ ಹೋಗುವ ಕೋಡಿ ಬೆಂಗ್ರೆಯಲ್ಲಿ ಇಳಿತದ ಹೊತ್ತಿಗೆ ನೀರು ಓಡುವ ರಭಸ ಕಂಡವರಿಗೆ ಇದು ಗೊತ್ತು. ಪಕ್ಕದಿಂದ ಹಿಡಿದ ದೋಣಿಗೆ ಪ್ರವಾಹ ಅಡ್ಡಡ್ಡ ಬೀಳುತ್ತದೆ, ಹಗ್ಗ ಆ ಅಂಚನ್ನು ಕೆಳಗೆ ಎಳೆಯುತ್ತದೆ, ನೀರು ಅಂಚಿನ ಮೇಲೆ ಏರುತ್ತದೆ. ಮಗುಚಲು ಕ್ಷಣ ಸಾಕು. ಮಧ್ಯಾಹ್ನದ ಮೇಲೆ ಪಡುವಣ ಗಾಳಿ ಇಳಿತಕ್ಕೆ ಎದುರು ಬೀಸಿದರೆ ಅಳಿವೆಯಲ್ಲಿ ಗಿಡ್ಡ, ನೆಟ್ಟಗಿನ ಅಲೆಗಳೇಳುತ್ತವೆ, ಆಗಂತೂ ಅಲ್ಲಿ ಲಂಗರು ಹಾಕುವ ಮಾತೇ ಬೇಡ. ಪರಿಹಾರ ಟ್ರಾಲಿ: ದೋಣಿಯ ಮುಂದೊಂದು, ಹಿಂದೊಂದು ಪುಲ್ಲಿ, ನಡುವೆ 4 ಮಿ.ಮೀ. ಹಗ್ಗದ ಕುಣಿಕೆ, ಅದರಲ್ಲೊಂದು ಸ್ಟೀಲ್ ಬಳೆ. ಲಂಗರು ಹಗ್ಗ ಬಳೆಯ ಮೂಲಕ ಹಾಯ್ದು ಬರಬೇಕು. ಬಳೆಯನ್ನು ಕುಣಿಕೆಯಲ್ಲಿ ಎಳೆದು ತುದಿಗೆ ಕಳಿಸಿದರೆ ದೋಣಿ ಪ್ರವಾಹಕ್ಕೆ ನೇರವಾಗಿ ನಿಲ್ಲುತ್ತದೆ. ಹಗ್ಗದ ಕೊನೆಗೆ ಒಂದು ಬೋಯೆ (ತೇಲುಬುರುಡೆ) ಕಟ್ಟಿ, ಹಗ್ಗವನ್ನು ಕೈಗೆಟುಕುವಲ್ಲಿ ಜಾಮ್ ಕ್ಲೀಟ್‌ಗೆ (ಹಗ್ಗ ಕಚ್ಚಿ ಹಿಡಿಯುವ, ಎಳೆದರೆ ಬಿಡುವ ಹಿಡಿ) ಸಿಕ್ಕಿಸಿ. ಏನಾದರೂ ಆದರೆ ಹಗ್ಗ ಬಿಟ್ಟುಬಿಡಿ, ಬೋಯೆ ಹುಡುಕಿ ಆಮೇಲೆ ತರಬಹುದು. ಜಾಕೆಟ್‌ನಲ್ಲಿ ಒಂದು ಚಾಕು ಇರಲಿ. ಮೀನುಗಾರರ ಬಲೆಯ ಗೂಟಕ್ಕೋ ಪಂಜರ ಕೃಷಿಯ ಹಗ್ಗಕ್ಕೋ ದೋಣಿ ಕಟ್ಟುವುದು ಬೇಡ, ಬೈಸಿಕೊಂಡರೆ ತಪ್ಪು ನಿಮ್ಮದೇ.

ಫಿಶ್‌ಫೈಂಡರ್ ಬೇಕೆಂದರೆ ಗಾರ್ಮಿನ್ ಸ್ಟ್ರೈಕರ್ 4ರಂಥ ಮೂರೂವರೆ ಇಂಚಿನದ್ದೇ ಸಾಕು. ಕಲಕು ನೀರಿನ ಎರಡು ಮೂರು ಮೀಟರ್ ಆಳದಲ್ಲಿ ಅದರ ದೊಡ್ಡ ಉಪಕಾರ ಮೀನು ತೋರಿಸುವುದಲ್ಲ, ಹೊಂಡದ ಅಂಚು ತೋರಿಸುವುದು. ಕಾಣೆ ಮೀನಿಗೆ ಕೂರುವವರಿಗೆ ಅದರ ಹಂಗೂ ಇಲ್ಲ, ಮರಳಿನ ತಳ ಸಿಕ್ಕರಾಯಿತು. ವಿದ್ಯುತ್ ಖರ್ಚು ಕಾಲು ಆಂಪಿಯರ್‌ನ ಆಸುಪಾಸು, ಆದ್ದರಿಂದ 12 ವೋಲ್ಟ್, 7 ಆಂಪಿಯರ್ ಅವರ್ ಬ್ಯಾಟರಿ ಒಂದು ಹಗಲಿಗೆ ಬೇಕಾದಷ್ಟಾಯಿತು. ಲಿಥಿಯಂ ಫಾಸ್ಫೇಟ್ ಒಂದು ಕಿಲೋದಷ್ಟು; ಯುಪಿಎಸ್‌ನ ಸೀಸದ ಬ್ಯಾಟರಿ ಎರಡು ಕಿಲೋ ದಾಟುತ್ತದೆ, ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಿದರೆ ಬೇಗ ಸಾಯುತ್ತದೆ. ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಲಿ, ಯಂತ್ರದ ಪಕ್ಕದಲ್ಲಲ್ಲ. ಸೆನ್ಸರನ್ನು ದೋಣಿಯೊಳಗೆ ಅಂಟಿಸಿದರೂ ಪಾಲಿಥೀನ್ ಮೂಲಕ ಆಳ ಓದುತ್ತದೆ, ನಡುವೆ ಗಾಳಿಗುಳ್ಳೆ ಇರಬಾರದಷ್ಟೆ. ಆಗ ತೋರಿಸುವ ಉಷ್ಣಾಂಶ ಮಾತ್ರ ದೋಣಿಯದು, ನೀರಿನದಲ್ಲ.

ದೋಣಿ ಸಾಗಿಸುವ ಚಕ್ರದ ಗಾಡಿ ಕೊಳ್ಳುವಾಗ ನೀರಿನ ತೂತುಗಳಿಗೆ ಕಂಬ ತೂರಿಸುವ ಮಾದರಿ ಬೇಡ. ದೋಣಿಯ ಭಾರವೆಲ್ಲ ಆ ತೂತುಗಳ ಗೋಡೆಗೆ ಬಿದ್ದು ಬಿರುಕು ಹುಟ್ಟುವುದು ಅಲ್ಲೇ. ಬೆಲ್ಟ್ ಕಟ್ಟುವ ತೊಟ್ಟಿಲು ಮಾದರಿ ತನ್ನಿ. ಪಡುಕೆರೆಯ ಮರಳಿಗೆ ಅಗಲ ಚಕ್ರವೇ ಆಗಬೇಕು. ಕಡವಿನ ಮುರಕಲ್ಲು ಮೆಟ್ಟಿಲ ಮೇಲೆ ಎಳೆದರೆ ಹಿಂಬದಿಯ ಅಡಿ ಸವೆದು ಕಾಗದವಾಗುತ್ತದೆ, ಎತ್ತಿ ಇಳಿಸಿ. ಕಾರಿನ ಮೇಲೆ ಮಗುಚಿ ಇಟ್ಟು ಸಾದಾ ಬಕಲ್ ಪಟ್ಟಿ ಎರಡು ಕಟ್ಟಿ. ರ‍್ಯಾಚೆಟ್ ಪಟ್ಟಿಯನ್ನು ಏಪ್ರಿಲ್ ಬಿಸಿಲಲ್ಲಿ ಬಿಗಿದರೆ ಅಡಿ ತಗ್ಗು ಬೀಳುತ್ತದೆ. ಬಿದ್ದ ತಗ್ಗು ಬಿಸಿಲಿಗಿಟ್ಟು ಬಿಸಿನೀರು ಹೊಯ್ದರೆ ಬಹುಪಾಲು ಏಳುತ್ತದೆ.

ಲೈಫ್ ಜಾಕೆಟ್ ಕನಿಷ್ಠ 50 ನ್ಯೂಟನ್ ತೇಲಿಸುವ ಬಲದ್ದು, ಬೆನ್ನಿನ ಫೋಮ್ ಮೇಲಕ್ಕಿರುವಂಥದ್ದು, ಸೀಟಿಗೆ ಒರಗಿದಾಗ ಒತ್ತದು. ನಸುಕಿನಲ್ಲಿ ಇಳಿಯುವವರು ಬಿಳಿ ದೀಪ ಕೈಗೆಟುಕುವಲ್ಲಿಡಿ. ಹುಟ್ಟು ಹಾಕುವ ದೋಣಿಗೆ ಅಂತರರಾಷ್ಟ್ರೀಯ ನಿಯಮ ಕೇಳುವುದೂ ಕನಿಷ್ಠ ಅಷ್ಟನ್ನೇ. ಮಲ್ಪೆ ಬಂದರಿನ ಬಾಯಿಗೆ ಹೋಗಲೇಬೇಡಿ, ಟ್ರಾಲರ್ ಚಾಲಕನಿಗೆ ನೀವು ಕಾಣುವುದಿಲ್ಲ. ಜೂನ್‌ನಿಂದ ಮಳೆ ಕಡಿಮೆಯಾಗುವ ತನಕ ಹೊಳೆಯಲ್ಲಿ ಮರದ ದಿಮ್ಮಿ ತೇಲಿ ಬರುತ್ತವೆ; ದೋಣಿಯನ್ನು ನೆರಳಲ್ಲಿ ಮಗುಚಿಡಿ.

ಪೆಡಲ್ ಇರುವ ಮಾದರಿ ಬೇಕೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ನಮ್ಮ ಹೊಳೆಗಳಿಗೆ ನಮ್ಮ ಉತ್ತರ ಬೇಡ ಎಂದೇ. ಅಡಿಯಲ್ಲಿ ಇಳಿದಿರುವ ಪ್ರೊಪೆಲ್ಲರ್ ಇಳಿತದಲ್ಲಿ ಮರಳ ದಿಬ್ಬಕ್ಕೆ ತಾಗುತ್ತದೆ, ಬಲೆಗೆ ಸುತ್ತಿಕೊಳ್ಳುತ್ತದೆ. ಹೋಬಿ ಕಂಪನಿಯ ಮಿರಾಜ್ ಡ್ರೈವ್‌ ಪೆಡಲ್‌ನಂತೆ ರೆಕ್ಕೆಯನ್ನು ಅಡಿಗೆ ಮಡಚಿಕೊಳ್ಳುವಂಥದ್ದು ಆ ತೊಂದರೆಯನ್ನು ಬಹಳಷ್ಟು ತಪ್ಪಿಸುತ್ತದೆ, ಆದರೆ ಬೆಲೆಯೂ ತೂಕವೂ ಬೇರೆ ದರ್ಜೆಯದು. ಒಬ್ಬರೇ ಕಾರಿನ ಮೇಲೆ ಏರಿಸುವ ಆಸೆ ಬಿಡಬೇಕಾಗುತ್ತದೆ.