ಹಾರ್ನ್ ನೋಡಿ ಮರುಳಾಗಬೇಡಿ: ಜೋಡಿಸಿ ಮಾರುವ ‘ಹಳೇ’ ಗ್ರಾಮಫೋನ್‌ಗಳು

ಹೊಳೆಯುವ ಹಿತ್ತಾಳೆ ಹಾರ್ನ್, ಕೆಳಗೆ ಕಪ್ಪು ಪಾಲಿಶ್‌ನ ಮರದ ಪೆಟ್ಟಿಗೆ, ಮುಂದುಗಡೆ ನಾಯಿ ಕೂತಿರುವ ಹಿತ್ತಾಳೆ ಫಲಕ, ಅದರ ಕೆಳಗೆ 1895 ಎಂಬ ಇಸವಿ. ‘ಒರಿಜಿನಲ್, ಎಲ್ಲಾ ಭಾಗವೂ ಅಂದಿನದೇ, ಈಗಲೂ ಹಾಡುತ್ತದೆ’ ಎಂಬ ಮಾತು ನಂಬಿ ಒಬ್ಬರು ಕೊಂಡ ಗ್ರಾಮಫೋನ್ ಇದು. ಹಾಡು ಅರ್ಧಕ್ಕೆ ಬರುವಷ್ಟರಲ್ಲಿ ದನಿ ಇಳಿಯುತ್ತದೆಂದು ರಿಪೇರಿಗೆ ಬಂತು. ಮಾರಿದವರ ಹೆಸರು ಇಲ್ಲಿ ಬೇಡ. ಇಂಥ ಪೆಟ್ಟಿಗೆಗಳು ಎಲ್ಲೆಡೆ ಮಾರಾಟವಾಗುತ್ತಿವೆ, ಅದಕ್ಕೇ ಒಳಗೆ ಕಂಡದ್ದನ್ನು ಬರೆಯಬೇಕಾಗಿದೆ.

ಪ್ಲೇಟು (ರೆಕಾರ್ಡ್) ಕೂರಿಸುವ ದುಂಡು ತಟ್ಟೆ, ಅಂದರೆ ಟರ್ನ್‌ಟೇಬಲ್, ಎತ್ತಿದ ಕೂಡಲೇ ಸಂಶಯ ಶುರುವಾಯಿತು. ಕೀಲಿ ಕೊಟ್ಟು ಓಡಿಸುವ ಸ್ಪ್ರಿಂಗ್ ಮೋಟರ್ ಕೂತ ಹಲಗೆಯನ್ನು ಹಿಡಿದಿದ್ದವು ಸ್ಟಾರ್ ಸ್ಕ್ರೂಗಳು. ಈ ನಮೂನೆಯ ಸ್ಕ್ರೂ ಕಾರ್ಖಾನೆಗಳ ಬಳಕೆಗೆ ಬಂದದ್ದೇ 1930ರ ದಶಕದ ನಡುವೆ. ನಾಯಿಯ ಕಥೆಯೂ ಅಷ್ಟೇ: ಫ್ರಾನ್ಸಿಸ್ ಬರಾಡ್ ಬರೆದ ಆ ಚಿತ್ರವನ್ನು ಲಂಡನ್ನಿನ ಗ್ರಾಮಫೋನ್ ಕಂಪನಿ ಕೊಂಡುಕೊಂಡದ್ದು 1899ರಲ್ಲಿ. ಅದಕ್ಕೂ ನಾಲ್ಕು ವರ್ಷ ಮೊದಲಿನ ಮಷಿನ್ನಿನ ಮೇಲೆ ಅದು ಕೂರಲು ಸಾಧ್ಯವೇ ಇಲ್ಲ.

ಮೋಟರ್ ಮಾತ್ರ ನಿಜವಾಗಿಯೂ ಹಳೆಯದು, ಆದರೆ ಹಾರ್ನ್ ಮಷಿನ್ನಿನದಲ್ಲ. ಕೈಯಲ್ಲಿ ಹಿಡಿದು ಒಯ್ಯುವ ಪೋರ್ಟಬಲ್ ಪೆಟ್ಟಿಗೆಯದು. ಅದೇ ಗ್ರಾಮಫೋನ್ ಕಂಪನಿಯಿಂದ 1925ರಲ್ಲಿ ಬಂದ ಹೆಚ್‌ಎಂವಿ 101, 1931ರಲ್ಲಿ ಬಂದ 102 ಮುಂತಾದ ಪೋರ್ಟಬಲ್‌ಗಳು ಅಪಾರ ಸಂಖ್ಯೆಯಲ್ಲಿ ತಯಾರಾಗಿದ್ದವು. ಅವುಗಳ ಪೆಟ್ಟಿಗೆ ಹಾಳಾದಾಗ ಮೋಟರ್ ಮತ್ತು ಸೌಂಡ್‌ಬಾಕ್ಸ್ (ಮುಳ್ಳು ಹಿಡಿದು ದನಿ ಹೊರಡಿಸುವ ದುಂಡು ಭಾಗ) ಕಿತ್ತು, ಹೊಸ ಮರದ ಡಬ್ಬಕ್ಕೆ ಕೂರಿಸಿ, ತೆಳು ತಗಡಿನ ಹಾರ್ನ್ ಸಿಕ್ಕಿಸುತ್ತಾರೆ. ಕೀಲಿ ಕೊಡುವ ಹ್ಯಾಂಡಲ್‌ನ ತೂತು ನೋಡಿದರೆ ಗುಟ್ಟು ತಿಳಿಯುತ್ತದೆ. ಬೇರೆ ಪೆಟ್ಟಿಗೆಗೆಂದು ಮಾಡಿದ ಮೋಟರ್ ಇಲ್ಲಿ ನೆಟ್ಟಗೆ ಕೂರುವುದಿಲ್ಲ, ಹಾಗಾಗಿ ತೂತನ್ನು ಅರದಿಂದ ಉಜ್ಜಿ ಅಗಲ ಮಾಡಿರುತ್ತಾರೆ. ಉಜ್ಜಿದ ಅಂಚಿನಲ್ಲಿ ಬಿಳಿ ಹಸಿ ಮರ ಕಾಣುತ್ತಿತ್ತು. ಪೆಟ್ಟಿಗೆಯ ತಳವೂ ಹಾಗೆಯೇ: ಹೊರಗೆಲ್ಲ ಕಡುಗಪ್ಪು, ಒಳಗೆ ನಿನ್ನೆ ಕೊಯ್ದಂಥ ಬಣ್ಣ.

ದುಡ್ಡು ಹೋದದ್ದಕ್ಕಿಂತ ನೋವಿನ ಸಂಗತಿ ಟೋನ್ ಆರ್ಮ್‌ನದು, ಅಂದರೆ ಸೌಂಡ್‌ಬಾಕ್ಸಿನಿಂದ ಹಾರ್ನಿಗೆ ದನಿ ಒಯ್ಯುವ ಕೊಳವೆಯದು. ಅಸಲಿ ಹಾರ್ನ್ ಮಷಿನ್‌ಗಳಲ್ಲಿ ಇದು ಸಾಮಾನ್ಯವಾಗಿ ಸೌಂಡ್‌ಬಾಕ್ಸ್ ಕಡೆ ಸಣ್ಣಗಿದ್ದು, ಹಾರ್ನ್ ಕಡೆಗೆ ಬರುಬರುತ್ತಾ ಅಗಲವಾಗುತ್ತದೆ. ಹಿಂಬದಿಯ ಗಟ್ಟಿ ಬ್ರಾಕೆಟ್ ಹಾರ್ನಿನ ಭಾರ ಹೊರುತ್ತದೆ, ಆರ್ಮ್ ಹಗುರವಾಗಿ ತಿರುಗುತ್ತದೆ. ಇಲ್ಲಿದ್ದದ್ದು ಉದ್ದಕ್ಕೂ ಒಂದೇ ದಪ್ಪದ ಕೊಳವೆ. ತಿರುಗುವ ಕಡೆ ಬಿಗಿ, ಹಾರ್ನ್ ಸೇರುವ ಕಡೆ ಸಡಿಲ. ಆರ್ಮ್ ಸರಾಗವಾಗಿ ಒಳಕ್ಕೆ ಸರಿಯದಿದ್ದರೆ ಅದನ್ನು ಎಳೆದೊಯ್ಯುವ ಕೆಲಸ ಪ್ಲೇಟಿನ ಗೆರೆಯ ಮೇಲೆ ಬೀಳುತ್ತದೆ. ಮುಳ್ಳು ಗೆರೆಯ ಒಂದೇ ಗೋಡೆಯನ್ನು ಕೆರೆಯುತ್ತಾ ಹೋಗುತ್ತದೆ. ಕೊಂಡವರು ಮನೆಯಲ್ಲಿದ್ದ ಹಳೇ ಪ್ಲೇಟುಗಳನ್ನು ಸಂಭ್ರಮದಿಂದ ಹಾಕಿ ಕೇಳಿದ್ದರು. ಅವುಗಳ ಮೇಲೆ ಬೂದು ಬಣ್ಣದ ಪಟ್ಟೆ ಎದ್ದಿತ್ತು. ಅದು ಧೂಳಲ್ಲ, ಸವೆದ ಗೆರೆ. ಯಾವ ದ್ರಾವಣದಲ್ಲಿ ತೊಳೆದರೂ ಆ ಹಾಡು ಮೊದಲಿನ ಹಾಗೆ ಕೇಳುವುದಿಲ್ಲ.

ಕೊಳ್ಳುವ ಮುನ್ನ ಕೇಳಬೇಕಾದ ಫೋಟೊಗಳು ಹಾರ್ನಿನವಲ್ಲ. ಟರ್ನ್‌ಟೇಬಲ್ ತೆಗೆದ ಮೋಟರ್ ಹಲಗೆ, ಹಲಗೆಯ ಅಡಿ, ಪೆಟ್ಟಿಗೆಯ ತಳ, ಹ್ಯಾಂಡಲ್ ತೂತು, ಸೌಂಡ್‌ಬಾಕ್ಸಿನ ಹಿಂಬದಿ, ಟೋನ್ ಆರ್ಮ್ ಹಾರ್ನಿಗೆ ಸೇರುವ ಜಾಗ. ಹಲಗೆಯಲ್ಲಿ ಪುಟ್ಟಿ ತುಂಬಿದ, ಕೆಲಸವಿಲ್ಲದ ತೂತುಗಳಿದ್ದರೆ ಅಲ್ಲಿ ಬೇರೆ ಏನೋ ಕೂತಿತ್ತೆಂದು ಅರ್ಥ. ‘ಬಿಚ್ಚಿದರೆ ಸೆಟ್ಟಿಂಗ್ ಹೋಗುತ್ತದೆ’ ಎಂದು ನೆಪ ಹೇಳಿದರೆ ವ್ಯಾಪಾರ ಅಲ್ಲಿಗೇ ಬಿಡಿ. ಟರ್ನ್‌ಟೇಬಲ್ ಎತ್ತಿ ತೋರಿಸುವುದರಿಂದ ಯಾವ ಸೆಟ್ಟಿಂಗೂ ಹೋಗುವುದಿಲ್ಲ.

ಎದುರಿಗೇ ನೋಡುವುದಾದರೆ ಪೂರ್ತಿ ಕೀಲಿ ಕೊಟ್ಟು, ಪ್ಲೇಟಿನ ಅಂಚಿನಡಿ ಒಂದು ಚೂರು ಕಾಗದ ಸಿಕ್ಕಿಸಿ, ಮುಳ್ಳು ಇಳಿಸಿ ಸುತ್ತು ಎಣಿಸಿ. ಅರ್ಧ ನಿಮಿಷಕ್ಕೆ 39 ಸುತ್ತು ಬಂದರೆ ಹಳೇ ಪ್ಲೇಟುಗಳ ವೇಗ, ಅಂದರೆ ನಿಮಿಷಕ್ಕೆ 78 ಸುತ್ತು, ಸರಿಯಿದೆ. 10 ಇಂಚಿನ ಪ್ಲೇಟಿನ ಒಂದು ಬದಿ, ಅಂದರೆ ಸುಮಾರು 3 ನಿಮಿಷ, ವೇಗ ಬೀಳದೆ ಮುಗಿಯಬೇಕು. ನಡುವೆ ‘ಧಡ್’ ಎಂದು ಕುಲುಕಿದರೆ ಸ್ಪ್ರಿಂಗಿನ ಗ್ರೀಸ್ ಗಟ್ಟಿಯಾಗಿದೆ. ಕೀಲಿ ಎಷ್ಟು ತಿರುಗಿಸಿದರೂ ಬಿಗಿಯಾಗದಿದ್ದರೆ ಸ್ಪ್ರಿಂಗ್ ತುಂಡಾಗಿರಬಹುದು. ಈ ಪರೀಕ್ಷೆಗೆ ನಿಮ್ಮ ಒಳ್ಳೆಯ ಪ್ಲೇಟು ಕೊಡಬೇಡಿ, ವಿನೈಲ್ ಎಲ್‌ಪಿಯನ್ನಂತೂ ಹಾಕಲೇಬೇಡಿ. ಪ್ರತಿ ಬದಿಗೂ ಹೊಸ ಉಕ್ಕಿನ ಮುಳ್ಳು ಹಾಕಿ. 78ರ ಪ್ಲೇಟಿನಲ್ಲಿ ಕಲ್ಲಿನ ಪುಡಿಯೂ ಬೆರೆತಿರುವುದರಿಂದ ಒಂದು ಬದಿ ಮುಗಿಯುವಷ್ಟರಲ್ಲಿ ಮುಳ್ಳಿನ ತುದಿ ಸವೆದು, ಮುಂದಿನ ಪ್ಲೇಟಿಗೆ ಉಳಿಯಂತಾಗಿರುತ್ತದೆ.

ಈಗಾಗಲೇ ಇಂಥದ್ದು ಮನೆಗೆ ಬಂದಿದ್ದರೆ ಅಲಂಕಾರಕ್ಕೆ ಇಟ್ಟುಕೊಳ್ಳುವುದರಲ್ಲಿ ತಪ್ಪೇನಿಲ್ಲ, ಪ್ಲೇಟು ಮಾತ್ರ ಹಾಕಬೇಡಿ. ಮೋಟರೂ ಸೌಂಡ್‌ಬಾಕ್ಸೂ ಅಸಲಿಯಾಗಿದ್ದರೆ, ಪೋರ್ಟಬಲ್ ರಿಪೇರಿ ಮಾಡುವವರು ಹುಡುಕುತ್ತಿರುವ ಬಿಡಿಭಾಗಗಳೇ ಅವು. ಮಾರುವಾಗ ‘ಹೊಸ ಪೆಟ್ಟಿಗೆ, ಹೊಸ ಹಾರ್ನ್, ಹಳೇ ಪೋರ್ಟಬಲ್ ಮೋಟರ್’ ಎಂದು ಬಿಡಿಸಿ ಬರೆಯಿರಿ. ಜೋಡಿಸಿದ್ದನ್ನು ಜೋಡಿಸಿದ್ದೆಂದೇ ಹೇಳಿ ಮಾರಿದರೆ ಯಾರ ತಕರಾರೂ ಇರುವುದಿಲ್ಲ.

ಮೋಟರ್ ಕಳಚುವುದಿದ್ದರೆ ಬ್ರೇಕ್ ಬಿಟ್ಟು ಕೀಲಿ ಪೂರ್ತಿ ಇಳಿಯುವವರೆಗೆ ಓಡಿಸಿ, ಆಮೇಲೆ ಟರ್ನ್‌ಟೇಬಲ್ಲನ್ನು ಎರಡೂ ಕೈಯಿಂದ ನೇರವಾಗಿ ಮೇಲಕ್ಕೆತ್ತಿ. ಸ್ಪ್ರಿಂಗ್ ಇರುವ ದುಂಡು ಡಬ್ಬಿಯನ್ನು ಮನೆಯಲ್ಲಿ ತೆರೆಯಬೇಡಿ. ಕೀಲಿ ಇಳಿದ ಮೇಲೂ ಒಳಗಿನ ಉಕ್ಕಿನ ಪಟ್ಟಿ ಬಿಗಿಯಾಗಿಯೇ ಇರುತ್ತದೆ. ಮುಚ್ಚಳ ತೆಗೆದು ಎಳೆದರೆ ಚಿಮ್ಮಿ ಕೈ ಸೀಳುತ್ತದೆ.