ವೇಗ ತಗ್ಗಿಸಿದ ಮೇಲೆ ಕಾಸು ಉಳಿಸಿದ ಯಂತ್ರ: 100 ಟೆರಾಹ್ಯಾಶ್ ಬಿಟ್‌ಕಾಯಿನ್ ಮೈನರ್‌ನ ದೀರ್ಘಕಾಲದ ಬಳಕೆ

ಬಿಟ್‌ಕಾಯಿನ್ ಮೈನರ್ ಎಂದರೆ ಹ್ಯಾಶ್ ಎಂಬ ಲೆಕ್ಕವನ್ನು ಬಿಡದೆ ಮಾಡುತ್ತ ಬಿಟ್‌ಕಾಯಿನ್ ಬಹುಮಾನಕ್ಕೆ ಪೈಪೋಟಿ ನಡೆಸುವ ಯಂತ್ರ. ನನ್ನದಕ್ಕೆ ಐದರಲ್ಲಿ ಮೂರೂವರೆ ನಕ್ಷತ್ರ ಕೊಡುತ್ತಿದ್ದೇನೆ. ಪೆಟ್ಟಿಗೆಯಿಂದ ತೆಗೆದ ಹಾಗೆಯೇ ಓಡಿಸುವವರ ಪಾಲಿಗೆ ಇದು ಎರಡೂವರೆ ನಕ್ಷತ್ರದ ಯಂತ್ರ; ಉಳಿದ ಒಂದನ್ನು ಬಳಸುವವರು ತಾವೇ ದುಡಿದು ಪಡೆಯಬೇಕು. ತಯಾರಕರ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. 100 ಟೆರಾಹ್ಯಾಶ್ ವೇಗ (ಸೆಕೆಂಡಿಗೆ 100 ಲಕ್ಷ ಕೋಟಿ ಹ್ಯಾಶ್), 3,050 ವಾಟ್ ಬಳಕೆ, ಮೂರು ಹ್ಯಾಶ್ ಬೋರ್ಡ್ (ಲೆಕ್ಕ ಮಾಡುವ ಚಿಪ್‌ಗಳ ಹಲಗೆ), ನಾಲ್ಕು ಫ್ಯಾನ್, ಗಾಳಿಯಿಂದಲೇ ತಂಪಾಗುವ ಪೆಟ್ಟಿಗೆ: ಈ ದರ್ಜೆಯ ಯಂತ್ರವನ್ನು ಯಾರೇ ಮಾಡಿರಲಿ, ಗುಣದೋಷಗಳು ಹೆಚ್ಚುಕಡಿಮೆ ಒಂದೇ. ನನ್ನದು 2024ರ ಹಾಲ್ವಿಂಗ್‌ಗೂ (ಮೈನರ್‌ಗಳ ಬಹುಮಾನ ಅರ್ಧಕ್ಕೆ ಇಳಿಯುವ ಗಳಿಗೆ) ಮುಂಚೆ ಕೊಂಡದ್ದು, ಈಗಲೂ ಓಡುತ್ತಿದೆ.

ಮೊದಲು ಲೆಕ್ಕ, ಏಕೆಂದರೆ ಅದು ಸರಿಯಿಲ್ಲದಿದ್ದರೆ ರಿಪೇರಿಯ ಮಾತೇ ವ್ಯರ್ಥ. ಬಿಟ್‌ಕಾಯಿನ್ ಜಾಲದಲ್ಲಿ ದಿನಕ್ಕೆ ಸರಾಸರಿ 144 ಬ್ಲಾಕ್‌ಗಳು (ವಹಿವಾಟುಗಳ ಕಂತೆಗಳು) ಹುಟ್ಟುತ್ತವೆ. 2024ರ ಏಪ್ರಿಲ್ 20ರಂದು ಬ್ಲಾಕಿನ ಬಹುಮಾನ 6.25ರಿಂದ 3.125ಕ್ಕೆ ಇಳಿಯಿತು. ಅಂದರೆ ಇಡೀ ಜಗತ್ತಿನ ಮೈನರ್‌ಗಳು ಹಂಚಿಕೊಳ್ಳುವುದು ದಿನಕ್ಕೆ ಸುಮಾರು 450 ಬಿಟ್‌ಕಾಯಿನ್. ಮೇಲೆ ವಹಿವಾಟು ಶುಲ್ಕದ ಚಿಲ್ಲರೆ. ಹಾಲ್ವಿಂಗ್ ಆದ 8,40,000ನೆಯ ಬ್ಲಾಕಿನಲ್ಲಿ ಶುಲ್ಕವೇ 37 ಬಿಟ್‌ಕಾಯಿನ್ ದಾಟಿದ್ದು ನಿಜ. ಆದರೆ ಅದು ಬಿಟ್‌ಕಾಯಿನ್ ಜಾಲದ ಮೇಲೆ ಹೊರಡಿಸುವ ರೂನ್ಸ್ ಟೋಕನ್‌ಗಳ ಹುಚ್ಚು ಏರಿದ್ದ ಗಳಿಗೆಯ ಮಾತು. ಅಂತಹ ದಿನಗಳ ಗಳಿಕೆಯ ಚಿತ್ರ ತೋರಿಸಿ ಯಂತ್ರ ಮಾರಲು ಬರುವವರನ್ನು ಬಾಗಿಲಲ್ಲೇ ಕಳುಹಿಸಿಬಿಡಿ.

ಹಾಲ್ವಿಂಗ್‌ನ ಹೊಸತರಲ್ಲಿ ಜಾಲದ ಒಟ್ಟು ಶಕ್ತಿ 600 ಎಕ್ಸಾಹ್ಯಾಶ್ (ಒಂದು ಎಕ್ಸಾ ಎಂದರೆ ಹತ್ತು ಲಕ್ಷ ಟೆರಾ) ಆಸುಪಾಸಿನಲ್ಲಿತ್ತು. ಅದರಲ್ಲಿ 100 ಟೆರಾಹ್ಯಾಶ್ ಎಂದರೆ 60 ಲಕ್ಷದಲ್ಲಿ ಒಂದು ಪಾಲು. 450 ಬಿಟ್‌ಕಾಯಿನ್‌ನಲ್ಲಿ ಆ ಪಾಲು ದಿನಕ್ಕೆ 7,500 ಸತೋಶಿ (ಒಂದು ಸತೋಶಿ ಎಂದರೆ ಬಿಟ್‌ಕಾಯಿನ್‌ನ ಹತ್ತು ಕೋಟಿಯಲ್ಲಿ ಒಂದು ಭಾಗ). ಯಂತ್ರ ಪೂರ್ಣ ವೇಗದಲ್ಲಿ ದಿನಕ್ಕೆ 73.2 ಯೂನಿಟ್ ವಿದ್ಯುತ್ ತಿನ್ನುತ್ತದೆ. ಭಾಗಿಸಿದರೆ ಯೂನಿಟ್‌ಗೆ 102 ಸತೋಶಿ. ನೀವು ಕಟ್ಟುವ ವಿದ್ಯುತ್ ದರವನ್ನು ಬಿಟ್‌ಕಾಯಿನ್‌ನ ಅಂದಿನ ಬೆಲೆಯಲ್ಲಿ ಸತೋಶಿಗೆ ಬದಲಿಸಿ ನೋಡಿ: 102ಕ್ಕಿಂತ ಕೆಳಗಿದ್ದರೆ ಲಾಭ, ಮೇಲಿದ್ದರೆ ದುಬಾರಿ ಹೀಟರ್. ನಾನು ಎಲ್ಲ ಲೆಕ್ಕವನ್ನೂ ಹೀಗೆ ಸತೋಶಿಯಲ್ಲೇ ಇಡುತ್ತೇನೆ. ಡಾಲರ್ ಲೆಕ್ಕದಲ್ಲಿ ಬೆಲೆ ಏರಿದ ದಿನವೆಲ್ಲ ಯಂತ್ರವೇ ಚೆನ್ನಾಗಿ ದುಡಿದಂತೆ ಕಾಣುತ್ತದೆ. ಅದು ಬರೀ ಭ್ರಮೆ.

ಕಹಿ ಸಂಗತಿಯೆಂದರೆ ಈ 102 ನಿಲ್ಲುವ ಸಂಖ್ಯೆಯಲ್ಲ. ಪ್ರತಿ 2,016 ಬ್ಲಾಕ್‌ಗಳಿಗೊಮ್ಮೆ, ಅಂದರೆ ಎರಡು ವಾರಕ್ಕೊಮ್ಮೆ, ಡಿಫಿಕಲ್ಟಿ (ಬ್ಲಾಕ್ ಹುಡುಕುವ ಕಷ್ಟದ ಮಟ್ಟ) ಜಾಲದ ಶಕ್ತಿಗೆ ತಕ್ಕಂತೆ ಬದಲಾಗುತ್ತದೆ. 2025ರಲ್ಲಿ ಜಾಲ 1,000 ಎಕ್ಸಾಹ್ಯಾಶ್ ಮುಟ್ಟಿದಾಗ ಅದೇ ಯಂತ್ರ, ಅದೇ ವಿದ್ಯುತ್ತಿಗೆ ಗಳಿಸುತ್ತಿದ್ದದ್ದು ಯೂನಿಟ್‌ಗೆ 61 ಸತೋಶಿ. ಯಂತ್ರದಲ್ಲಿ ಯಾವ ದೋಷವೂ ಇಲ್ಲದೆ ಗಳಿಕೆ ಐದರಲ್ಲಿ ಎರಡು ಪಾಲು ಕುಸಿಯಿತು.

ವೇಗ ತಗ್ಗಿಸಿದ್ದು ಕೈಹಿಡಿದದ್ದು ಇಲ್ಲಿಯೇ. ಚಿಪ್ ತಿನ್ನುವ ವಿದ್ಯುತ್ತು ಗಡಿಯಾರದ ವೇಗಕ್ಕೆ ತಕ್ಕಂತೆ ಏರುತ್ತದೆ. ವೋಲ್ಟೇಜಿನ ವಿಷಯದಲ್ಲಿ ಅದರ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಇಳಿಸಿದರೆ ವೋಲ್ಟೇಜನ್ನೂ ಇಳಿಸಬಹುದು, ಉಳಿತಾಯ ಎರಡು ಕಡೆಯಿಂದ ಬರುತ್ತದೆ. ನನ್ನ ಯಂತ್ರ 78 ಟೆರಾಹ್ಯಾಶ್‌ನಲ್ಲಿ 2,050 ವಾಟ್‌ಗೆ ನಿಂತಿದೆ. ಟೆರಾಹ್ಯಾಶ್‌ಗೆ 30.5 ಜೂಲ್ ಇದ್ದದ್ದು 26ರ ಚಿಲ್ಲರೆಗೆ ಬಂತು. ಈ ಸರಾಸರಿಗಿಂತ ಮುಖ್ಯವಾದದ್ದು ಬಿಟ್ಟುಕೊಟ್ಟ 22 ಟೆರಾಹ್ಯಾಶ್‌ನ ಕಥೆ. ಅಷ್ಟಕ್ಕೇ 1,000 ವಾಟ್ ಹೋಗುತ್ತಿತ್ತು, ಅಂದರೆ ಟೆರಾಹ್ಯಾಶ್‌ಗೆ 45 ಜೂಲ್. 600 ಎಕ್ಸಾಹ್ಯಾಶ್ ಲೆಕ್ಕದಲ್ಲೇ ಹೇಳುವುದಾದರೆ, ಕೆಳಗಿನ 78 ಟೆರಾಹ್ಯಾಶ್ ಯೂನಿಟ್‌ಗೆ 119 ಸತೋಶಿ ತರುತ್ತಿದ್ದರೆ ಮೇಲಿನ 22 ತರುತ್ತಿದ್ದದ್ದು 69 ಮಾತ್ರ. ನಿಮ್ಮ ವಿದ್ಯುತ್ ದರ ಈ ಎರಡರ ನಡುವೆ ಇದ್ದರೆ, ಪೂರ್ಣ ವೇಗದಲ್ಲಿ ಯಂತ್ರದ ಒಂದು ಭಾಗ ಗಳಿಸಿದ್ದನ್ನು ಇನ್ನೊಂದು ಭಾಗ ಸುಡುತ್ತಿರುತ್ತದೆ. ಒಟ್ಟು ಮೊತ್ತ ನೋಡುವವರಿಗೆ ಇದು ಕಾಣುವುದೇ ಇಲ್ಲ.

ಈ ಹೊಂದಾಣಿಕೆಗೆ ಬ್ರೇನ್ಸ್ ಓಎಸ್, ಲಕ್ಸ್ ಓಎಸ್, ವಿನಿಶ್‌ನಂತಹ ಹೊರಗಿನ ಫರ್ಮ್‌ವೇರ್‌ಗಳು (ಯಂತ್ರವನ್ನು ನಡೆಸುವ ತಂತ್ರಾಂಶ) ಸಿಗುತ್ತವೆ. ಅವುಗಳಲ್ಲಿ ಕೆಲವು ಹ್ಯಾಶಿಂಗ್ ಶಕ್ತಿಯ ಸಣ್ಣ ಪಾಲನ್ನು ಶುಲ್ಕವಾಗಿ ಹಿಡಿದುಕೊಳ್ಳುತ್ತವೆ. ಒಂದೊಂದು ಚಿಪ್‌ಗೂ ಅದರದ್ದೇ ವೇಗ ಹುಡುಕಿಕೊಡುವ ಟ್ಯೂನಿಂಗ್ ಇವುಗಳ ನಿಜವಾದ ಬೆಲೆ. ವಾರಂಟಿ ಅವಧಿ ಮುಗಿಯುವ ತನಕ ಕಾಯುವುದು ಒಳ್ಳೆಯದು, ಮತ್ತು ಫೈಲನ್ನು ಮೂಲ ತಾಣದಿಂದಲೇ ಇಳಿಸಿಕೊಳ್ಳಿ. ಪುಕ್ಕಟೆಯಾಗಿ ಹಂಚುವ "ತಿದ್ದಿದ" ಫರ್ಮ್‌ವೇರ್‌ನಲ್ಲಿ ಬೇರೆಯವರ ಪೂಲ್ (ಮೈನರ್‌ಗಳು ಒಟ್ಟಾಗಿ ದುಡಿದು ಗಳಿಕೆ ಹಂಚಿಕೊಳ್ಳುವ ಕೂಟ) ವಿಳಾಸ ಅಡಗಿರುವ ಸಾಧ್ಯತೆ ಇದ್ದೇ ಇದೆ. ಕಾರ್ಖಾನೆಯಿಂದ ಬರುವ ಪಾಸ್‌ವರ್ಡ್ ಎಲ್ಲರಿಗೂ ಗೊತ್ತಿರುವಂಥದ್ದು, ಮೊದಲ ದಿನವೇ ಬದಲಿಸಿ.

ವೇಗ ತಗ್ಗಿಸಿದ್ದರಿಂದ ಇನ್ನೊಂದು ಉಪಕಾರವೂ ಆಯಿತು. ಕಾರ್ಖಾನೆಯ ವೇಗದಲ್ಲಿ ಶಬ್ದ 75 ಡೆಸಿಬೆಲ್. ಪಕ್ಕದ ಕೋಣೆಯಲ್ಲೂ ನಿದ್ದೆ ಬರುವುದಿಲ್ಲ. ಈಗ ಬಾಗಿಲು ಹಾಕಿದರೆ ಸಹಿಸಬಹುದು.

ವೈರಿಂಗ್ ಬಗ್ಗೆ ಎರಡು ಮಾತು. 3,050 ವಾಟ್ ಎಂದರೆ 230 ವೋಲ್ಟಿನಲ್ಲಿ 13 ಆಂಪಿಯರ್‌ಗೂ ಹೆಚ್ಚು, ಅದೂ ಹಗಲಿರುಳು. ಇಸ್ತ್ರಿಪೆಟ್ಟಿಗೆಯನ್ನೋ ಹೀಟರನ್ನೋ ಸ್ವಲ್ಪ ಹೊತ್ತು ತಾಳಿಕೊಳ್ಳುವ ಸಾಕೆಟ್ ಇದನ್ನು ತಾಳುವುದಿಲ್ಲ. ಸತತ ಹೊರೆಯನ್ನು ಬ್ರೇಕರ್‌ನ ಸಾಮರ್ಥ್ಯದ 80 ಶೇಕಡಾ ಒಳಗೆ ಇಡಬೇಕು. ಆ ಲೆಕ್ಕದಲ್ಲಿ ಪೂರ್ಣ ವೇಗಕ್ಕೆ 16 ಆಂಪಿಯರ್ ಸಾಲುವುದಿಲ್ಲ, 20 ಬೇಕು. ಎಕ್ಸ್‌ಟೆನ್ಷನ್ ಬೋರ್ಡ್ ಬಳಸುವ ಯೋಚನೆಯನ್ನೇ ಬಿಟ್ಟುಬಿಡಿ.

ಈಗ ಕಾಯಿಲೆಗಳ ವಿಷಯ. ಈ ಯಂತ್ರಗಳ ಅತಿ ಸಾಮಾನ್ಯ ದೂರು: ಮೂರರಲ್ಲಿ ಒಂದು ಬೋರ್ಡ್ ಕಾಣೆ. ವೇಗ ಇದ್ದಕ್ಕಿದ್ದಂತೆ ಮೂರನೇ ಎರಡಕ್ಕೆ ಇಳಿಯುತ್ತದೆ. ಲಾಗ್‌ನಲ್ಲಿ (ಯಂತ್ರ ತಾನೇ ಬರೆದಿಡುವ ದಾಖಲೆ) ಆ ಬೋರ್ಡಿನ ಎದುರು ಸಿಕ್ಕ ಚಿಪ್‌ಗಳ ಸಂಖ್ಯೆ ಸೊನ್ನೆ ಎಂದಿರುತ್ತದೆ. ಬೋರ್ಡ್ ಸತ್ತಿತೆಂದು ತೀರ್ಮಾನಿಸುವ ಮುನ್ನ ವಿದ್ಯುತ್ ತೆಗೆದು, ಕೆಪಾಸಿಟರ್‌ಗಳು ಖಾಲಿಯಾಗಲು ಕೆಲವು ನಿಮಿಷ ಬಿಟ್ಟು, ಆ ಬೋರ್ಡಿನ ಡೇಟಾ ಕೇಬಲನ್ನು ಚೆನ್ನಾಗಿರುವ ಬೋರ್ಡಿನ ಕೇಬಲ್ ಜೊತೆ ಅದಲುಬದಲು ಮಾಡಿ. ದೋಷ ಕೇಬಲ್ ಹಿಂದೆಯೇ ಹೋದರೆ ಅಗ್ಗದಲ್ಲಿ ಪಾರಾದಿರಿ. ಆಮೇಲೆ ಕಂಟ್ರೋಲ್ ಬೋರ್ಡಿನ ಪೋರ್ಟ್‌ಗಳನ್ನು ಬದಲಿಸಿ. ದೋಷ ಪೋರ್ಟಿನಲ್ಲೇ ನಿಂತರೆ ಕಂಟ್ರೋಲ್ ಬೋರ್ಡ್ ಕಾರಣ. ಬೋರ್ಡಿನ ಜೊತೆ ಅಲೆದರೆ ಮಾತ್ರ ಹ್ಯಾಶ್ ಬೋರ್ಡ್ ಮೇಲೆ ಸಂಶಯಪಡಿ. ವಿದ್ಯುತ್ ತರುವ ತಾಮ್ರದ ಪಟ್ಟಿಗಳ ಸ್ಕ್ರೂಗಳನ್ನೂ ನೋಡಿ. ಬಿಸಿ–ತಂಪಿನ ಏರಿಳಿತದಲ್ಲಿ ಅವು ಸಡಿಲವಾಗುತ್ತವೆ, ಸಡಿಲವಾದ ಕಡೆ ಲೋಹ ಕಪ್ಪಾಗಿರುತ್ತದೆ. ನನ್ನ ಯಂತ್ರ ಆಗಾಗ ತಾನೇ ರೀಸ್ಟಾರ್ಟ್ ಆಗುತ್ತಿದ್ದುದಕ್ಕೆ ಕಾರಣ ಅಂತಹ ಒಂದು ಸ್ಕ್ರೂ.

ಸೊನ್ನೆಯ ಬದಲು ಲಾಗ್‌ನಲ್ಲಿ ಅರೆಬರೆ ಸಂಖ್ಯೆ ಕಂಡರೆ ಅದು ಒಳ್ಳೆಯ ಸುಳಿವು. ಒಂದು ಬೋರ್ಡಿನಲ್ಲಿ ನೂರಕ್ಕೂ ಹೆಚ್ಚು ಚಿಪ್‌ಗಳಿದ್ದು, ಸಂಕೇತ ಒಂದರಿಂದ ಮುಂದಿನದಕ್ಕೆ ಕೈದಾಟಿಸಿದ ಬಿಂದಿಗೆಯಂತೆ ಸಾಗುತ್ತದೆ. 40 ಚಿಪ್ ಸಿಕ್ಕಿವೆ ಎಂದರೆ ಸರಪಳಿ ಕಡಿದಿರುವುದು 40–41ರ ಆಸುಪಾಸಿನಲ್ಲಿ. ವಿದ್ಯುತ್ತಿನ ಜೋಡಣೆಯೂ ಗುಂಪು ಗುಂಪಾಗಿ ಸರಣಿಯಲ್ಲಿದೆ. ಪ್ರತಿ ಗುಂಪಿಗೆ ಸಿಗುವುದು ಅರ್ಧ ವೋಲ್ಟಿಗಿಂತ ಕಡಿಮೆ. ಹೀಗಾಗಿ ಒಂದೇ ಚಿಪ್ ಕೆಟ್ಟರೂ ಇಡೀ ಬೋರ್ಡ್ ಮಲಗುತ್ತದೆ. ಸಾಗಣೆಯ ಕುಲುಕಾಟದಲ್ಲಿ ಕಳಚಿದ ಪುಟ್ಟ ಹೀಟ್ ಸಿಂಕ್ ಎರಡು ಚಿಪ್‌ಗಳ ನಡುವೆ ಬಿದ್ದು ಶಾರ್ಟ್ ಮಾಡುವುದೂ ಉಂಟು. ಹೊಸದೇ ಇರಲಿ ಹಳೆಯದೇ ಇರಲಿ, ಮೊದಲ ಸಲ ವಿದ್ಯುತ್ ಕೊಡುವ ಮುನ್ನ ಪೆಟ್ಟಿಗೆಯನ್ನು ಮೆಲ್ಲನೆ ಅಲುಗಿಸಿ ಕಿವಿಗೊಡಿ. ಒಳಗೆ ಏನಾದರೂ ಉರುಳಿದ ಸದ್ದು ಬಂದರೆ ಸ್ವಿಚ್ ಮುಟ್ಟಬೇಡಿ.

ಚಿಪ್ ಬದಲಿಸುವ ಕೆಲಸ ಮನೆಯದಲ್ಲ. ನಾನು ಒಂದು ಬೋರ್ಡನ್ನು ರಿಪೇರಿಗೆ ಕಳುಹಿಸಿದ್ದೆ. ವಾರಗಳು ಕಳೆದು ಹಿಂದಿರುಗಿದಾಗ ಯಾವ ಚಿಪ್ ಬದಲಾಯಿತು, ಪರೀಕ್ಷೆಯಲ್ಲಿ ಎಷ್ಟು ವೇಗ ಬಂತು ಎಂಬ ಒಂದು ಸಾಲೂ ಜೊತೆಗಿರಲಿಲ್ಲ. ಬೋರ್ಡ್ ಓಡಿತು, ಸರಿ. ಆದರೆ ಪರೀಕ್ಷಾ ವರದಿ ಕೊಡದ ರಿಪೇರಿಯವರ ಬಳಿ ಮತ್ತೆ ಹೋಗುವುದಿಲ್ಲ. ರಿಪೇರಿ ಮಾಡಿಸಬೇಕೇ ಬೇಡವೇ ಎಂಬುದಕ್ಕೂ ಸತೋಶಿ ಲೆಕ್ಕವೇ ಉತ್ತರ: ಒಂದು ಬೋರ್ಡಿನ ದಿನದ ನಿವ್ವಳ ಗಳಿಕೆ ಎಷ್ಟು, ರಿಪೇರಿ ಖರ್ಚು ಎಷ್ಟು ತಿಂಗಳಲ್ಲಿ ತೀರುತ್ತದೆ. ಡಿಫಿಕಲ್ಟಿ ಏರುತ್ತಲೇ ಇರುವ ಆಟದಲ್ಲಿ ಆರು ತಿಂಗಳು ಮೀರಿದರೆ ನಾನು ಎರಡು ಬೋರ್ಡ್‌ಗಳಲ್ಲೇ ಓಡಿಸುತ್ತೇನೆ.

ಉಷ್ಣತೆಯ ದೋಷಕ್ಕೆ ಹತ್ತರಲ್ಲಿ ಒಂಬತ್ತು ಸಲ ಧೂಳು ಕಾರಣ, ಇಲ್ಲವೇ ಹೊರಬಿದ್ದ ಬಿಸಿಗಾಳಿ ಸುತ್ತಿಬಂದು ಮತ್ತೆ ಒಳಸೇರುವುದು. ಯಂತ್ರ ಸೆಳೆದ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿಯೇ ಹೊರಬರುತ್ತದೆ. ಪೂರ್ಣ ವೇಗದಲ್ಲಿ ಅದು ಗಂಟೆಗೆ ಹತ್ತು ಸಾವಿರ ಬಿಟಿಯುಗೂ ಹೆಚ್ಚು. ಅದನ್ನು ಕೊಳವೆ ಕಟ್ಟಿ ಹೊರಗೆ ಸಾಗಿಸದಿದ್ದರೆ ಯಾವ ಫ್ಯಾನೂ ಉಳಿಸುವುದಿಲ್ಲ. ಏರ್ ಬ್ಲೋವರ್‌ನಿಂದ ಹೊರಬಾಯಿಯ ಕಡೆಯಿಂದ ಗಾಳಿ ಹೊಡೆಯಿರಿ, ಆಗ ಫ್ಯಾನಿನ ರೆಕ್ಕೆ ತಿರುಗದಂತೆ ಹಿಡಿದುಕೊಳ್ಳಿ. ತಿರುಗುವ ಫ್ಯಾನ್ ಜನರೇಟರಿನಂತೆ ವಿದ್ಯುತ್ತನ್ನು ಹಿಂದಕ್ಕೆ ತಳ್ಳುತ್ತದೆ. ನಾಲ್ಕರಲ್ಲಿ ಒಂದು ಫ್ಯಾನ್ ಸತ್ತರೂ ಯಂತ್ರ ನಿಲ್ಲುತ್ತದೆ. ಒಂದು ಹೆಚ್ಚುವರಿ ಫ್ಯಾನ್ ಇಟ್ಟುಕೊಂಡಿರಿ, ಬದಲಿಸುವುದು ಸ್ಕ್ರೂ ಡ್ರೈವರ್ ಹಿಡಿಯಬಲ್ಲ ಯಾರಿಗಾದರೂ ಬರುವ ಕೆಲಸ. ತೇವವಿರುವ ಕೋಣೆಯಲ್ಲಿ ಧೂಳು ಅಂಟಾಗಿ ಹಿಡಿದು ಲೋಹವನ್ನೇ ತಿನ್ನುತ್ತದೆ, ಅದಕ್ಕೆ ಬ್ಲೋವರ್ ಸಾಲದು.

ಪೂಲ್ ವಿಷಯ ಬೇಗ ಮುಗಿಸುತ್ತೇನೆ. ಒಂಟಿಯಾಗಿ ಓಡಿಸಿದರೆ 60 ಲಕ್ಷದ ಪಾಲಿನಲ್ಲಿ ಒಂದು ಬ್ಲಾಕ್ ಸಿಗಲು ಸರಾಸರಿ 114 ವರ್ಷ ಬೇಕು, ಆದ್ದರಿಂದ ಪೂಲ್ ಅನಿವಾರ್ಯ. ಎಫ್‌ಪಿಪಿಎಸ್ ಪದ್ಧತಿಯಲ್ಲಿ ಪೂಲಿಗೆ ಬ್ಲಾಕ್ ಸಿಗಲಿ ಬಿಡಲಿ ನಿಮ್ಮ ಪಾಲು ಬರುತ್ತದೆ. ಪಿಪಿಎಲ್‌ಎನ್‌ಎಸ್‌ನಲ್ಲಿ ಪೂಲಿನ ಅದೃಷ್ಟವೇ ನಿಮ್ಮ ಅದೃಷ್ಟ. ತೆಳ್ಳನೆಯ ಲಾಭದಲ್ಲಿ ನಡೆಸುವವರಿಗೆ ಮೊದಲನೆಯದೇ ವಾಸಿ. ಯಂತ್ರದ ಪರದೆಯಲ್ಲಿ ಕಾಣುವ ಐದು ಸೆಕೆಂಡಿನ ವೇಗವನ್ನು ನಂಬಬೇಡಿ, ಪೂಲಿನಲ್ಲಿ ದಾಖಲಾಗುವ 24 ಗಂಟೆಯ ಸರಾಸರಿಯನ್ನು ನೋಡಿ. ಎರಡರ ನಡುವೆ ದೊಡ್ಡ ಅಂತರವಿದ್ದು ತಿರಸ್ಕೃತ ಶೇರ್‌ಗಳು (ಪೂಲ್ ಒಪ್ಪದ ಕೆಲಸದ ತುಣುಕುಗಳು) ಹೆಚ್ಚಿದ್ದರೆ ಯಂತ್ರವನ್ನು ಬಿಚ್ಚುವ ಮೊದಲು ನೆಟ್‌ವರ್ಕ್ ಕೇಬಲನ್ನೂ ರೂಟರನ್ನೂ ಪರೀಕ್ಷಿಸಿ.

ಇಂದು ಇದನ್ನು ಕೊಳ್ಳಬಹುದೇ? ಇದರ ನಂತರದ ಪೀಳಿಗೆಯ ಆಂಟ್‌ಮೈನರ್ ಎಸ್21 ಟೆರಾಹ್ಯಾಶ್‌ಗೆ 17.5 ಜೂಲ್‌ನಲ್ಲಿ ಓಡುತ್ತದೆ. 2016ರ ಎಸ್9 ನೂರು ಜೂಲ್ ಸಮೀಪ ತಿನ್ನುತ್ತಿತ್ತು. ನನ್ನದು ಈಗ ನಡುವಯಸ್ಸು ದಾಟಿದ ಯಂತ್ರ. ವಿದ್ಯುತ್ ತೀರ ಅಗ್ಗವಿದ್ದರೆ, ಅಥವಾ ಈ ಶಾಖಕ್ಕೆ ಹೇಗಿದ್ದರೂ ಹಣ ಕೊಡುವವರಾಗಿದ್ದರೆ ಮಾತ್ರ ಸೆಕೆಂಡ್ ಹ್ಯಾಂಡ್‌ನಲ್ಲಿ ಹುಡುಕಿ. ಮಾರುವವರು ತೋರಿಸುವ ವೇಗದ ಚಿತ್ರ ಸಾಲದು. ಕಣ್ಣೆದುರೇ ಒಂದು ಗಂಟೆ ಓಡಿಸಿ, ಪೂರ್ತಿ ಲಾಗ್ ಕೇಳಿ, ಮೂರೂ ಬೋರ್ಡ್‌ಗಳಲ್ಲಿ ಚಿಪ್ ಸಂಖ್ಯೆ ಒಂದೇ ಇದೆಯೇ, ಉಷ್ಣತೆ ಹತ್ತಿರ ಹತ್ತಿರ ಇದೆಯೇ ನೋಡಿ. ಬೋರ್ಡ್‌ಗಳ ಕ್ರಮಸಂಖ್ಯೆ ಪೆಟ್ಟಿಗೆಯ ಕ್ರಮಸಂಖ್ಯೆಗೆ ಹೊಂದದಿದ್ದರೆ ಅದು ಜೋಡಿಸಿದ ಯಂತ್ರ. ಬೆಲೆ ಅದಕ್ಕೆ ತಕ್ಕಂತೆ ಇಳಿಯಬೇಕು. ಲಾಗ್ ಕೊಡಲು ಹಿಂಜರಿದರೆ ಮಾತು ಬೆಳೆಸದೆ ಎದ್ದು ಬನ್ನಿ.