ರೆಸಿನ್ ಕ್ಯಾಪ್ಸೂಲ್: ಸಿಮೆಂಟ್ ಬಿಟ್ಟು ಬಂದ ಓವರ್‌ಮ್ಯಾನ್‌ನ ಮಾತು

ನಾನು ತೆಲಂಗಾಣದ ಒಂದು ಕಲ್ಲಿದ್ದಲು ಗಣಿಯಲ್ಲಿ ಓವರ್‌ಮ್ಯಾನ್, ಅಂದರೆ ಶಿಫ್ಟಿನ ಕೆಲಸ ನೋಡಿಕೊಳ್ಳುವ ಮೇಲ್ವಿಚಾರಕ. ಊರು ಲಿಂಗಸುಗೂರು ಕಡೆ. ಇಲ್ಲಿ ಗಣಿಯ ಛಾವಣಿಗೆ ತೆಲುಗಿನಲ್ಲಿ 'ಕಪ್ಪು' ಅನ್ನುತ್ತಾರೆ. ಮೊದಲ ವಾರ ನನಗೆ ಗೋಡೆ, ನೆಲ ಎಲ್ಲವೂ ಕಪ್ಪೇ ಆಗಿತ್ತು!

ಆ ಛಾವಣಿ ಬೀಳದ ಹಾಗೆ ಮೇಲಕ್ಕೆ ತೂತು ಕೊರೆದು ಬೋಲ್ಟ್ (ಉದ್ದನೆಯ ಉಕ್ಕಿನ ಸರಳು) ಹಾಕುತ್ತೇವೆ. ಅದು ಕಲ್ಲಿಗೆ ಅಂಟಿಕೊಳ್ಳಲು ತೂತಿನೊಳಗೆ ತುಂಬುವ ರೆಸಿನ್ (ಅಂಟು) ಕ್ಯಾಪ್ಸೂಲ್ ಬಗ್ಗೆ ಬರೆಯುತ್ತಿದ್ದೇನೆ. ಮನೆಗೆ ಕೊಳ್ಳುವ ಸಾಮಾನಲ್ಲ, ಗೊತ್ತು. ಆದರೆ ಡಿಪ್ಲೊಮಾ ಮುಗಿಸಿ ಗಣಿಗೆ ಬರುವ ನಮ್ಮ ಕಡೆ ಹುಡುಗರು ಫೋನ್ ಮಾಡಿ ಇದನ್ನೇ ಕೇಳುತ್ತಾರೆ.

ಮೊದಲು ನಮ್ಮಲ್ಲಿ ಸಿಮೆಂಟ್ ಕ್ಯಾಪ್ಸೂಲ್ ಇತ್ತು. ಬಕೆಟ್ ನೀರಲ್ಲಿ ಅದ್ದಿ, ಗುಳ್ಳೆ ಬರುವುದು ನಿಲ್ಲುವ ತನಕ ಕಾಯಬೇಕು. ಬೇಗ ತೆಗೆದರೆ ಒಳಗೆ ಒಣಪುಡಿ. ತಡವಾದರೆ ಕೈಯಲ್ಲೇ ಹರಿದು ಮುದ್ದೆ. ಹಾಕಿದ ಬೋಲ್ಟ್ ಅರ್ಧ ಗಂಟೆಗೆ 3 ಟನ್, ಎರಡು ಗಂಟೆಗೆ 5 ಟನ್ ಎಳೆತ ತಡೆಯಬೇಕು. ಒಣ ಜಾಗದಲ್ಲಿ ತಡೆಯುತ್ತಿತ್ತು. ಮೇಲಿಂದ ನೀರು ಸೋರುವ ಕಡೆ ತೂತಿನಿಂದ ಸಿಮೆಂಟ್ ನೀರೇ ಇಳಿದು ಮುಖಕ್ಕೆ ಬರುತ್ತಿತ್ತು.

ರೆಸಿನ್‌ನಲ್ಲಿ ಆ ರಗಳೆ ಇಲ್ಲ. ಪ್ಲಾಸ್ಟಿಕ್ ಹಾಳೆಯೊಳಗೆ ಒಂದು ಕಡೆ ಅಂಟು, ಇನ್ನೊಂದು ಕಡೆ ಅದನ್ನು ಗಟ್ಟಿ ಮಾಡುವ ಪೇಸ್ಟ್. ಬೋಲ್ಟ್ ತಿರುಗಿಸುತ್ತಾ ಮೇಲೆ ತಳ್ಳಿದರೆ ಹಾಳೆ ಹರಿದು ಎರಡೂ ಕಲೆಯುತ್ತವೆ. ಪೆಟ್ಟಿಗೆ ಮೇಲೆ ಬರೆದಷ್ಟೇ ಸೆಕೆಂಡ್ ತಿರುಗಿಸಿ, ನಿಲ್ಲಿಸಿ, ಹಿಡಿದುಕೊಂಡಿದ್ದರೆ ಸಾಕು. ನೀರು ಸೋರುವ ಛಾವಣಿಗೆ ಇದಕ್ಕಿಂತ ಒಳ್ಳೆಯದನ್ನು ನಾನು ಬಳಸಿಲ್ಲ.

ಆದರೆ ಸಿಮೆಂಟ್‌ನಷ್ಟು ತಪ್ಪು ಸಹಿಸುವುದಿಲ್ಲ. ಒಂದು ಶಿಫ್ಟಿನಲ್ಲಿ ನಮ್ಮ ಡ್ರಿಲ್ಲರ್ ಸಿಮೆಂಟ್‌ಗೆ ಬಳಸುತ್ತಿದ್ದ ದಪ್ಪ ಬಿಟ್‌ನಲ್ಲೇ ತೂತು ಕೊರೆದಿದ್ದ. 22 ಮಿ.ಮೀ. ಬೋಲ್ಟ್‌ಗೆ 28 ಮಿ.ಮೀ. ತೂತು ಸಾಕು, ಅವನದು ಅದಕ್ಕಿಂತ ಎಷ್ಟೋ ದೊಡ್ಡದು. ಬೋಲ್ಟ್ ಹಿಡಿದಿದೆಯಾ ನೋಡಲು ಜಾಕ್ ಹಾಕಿ ಎಳೆದೆವು. ಬೋಲ್ಟ್ ನೆಟ್ಟಗೆ ಕೆಳಗೆ ಬಂತು. ಕಡುಬಿಗೆ ಎಲೆ ಸುತ್ತಿದ ಹಾಗೆ ಪ್ಲಾಸ್ಟಿಕ್ ಹಾಳೆ ಅದರ ಸುತ್ತ ಅಂಟಿಕೊಂಡಿತ್ತು. ಅಂಟು ಕಲ್ಲನ್ನು ಮುಟ್ಟಿರಲೇ ಇಲ್ಲ. ಆ ಸಾಲಿನ ಬೋಲ್ಟ್ ಎಲ್ಲ ಹೊಸದಾಗಿ ಹಾಕಿಸಿದೆ, ಬೈದುಕೊಂಡೇ. ಇನ್ನು ಕೆಲವರು ಚೆನ್ನಾಗಿ ಕಲೆಯಲಿ ಅಂತ ಜಾಸ್ತಿ ಹೊತ್ತು ತಿರುಗಿಸುತ್ತಾರೆ. ಆಗ ಗಟ್ಟಿಯಾಗುತ್ತಿರುವ ಅಂಟು ಒಡೆದು ಪುಡಿಯಾಗುತ್ತದೆ.

ರೆಸಿನ್ ಬಂತು, ಇನ್ನು ಪಿಲ್ಲರ್ (ಛಾವಣಿ ಹೊರಲು ಕಡಿಯದೆ ಬಿಡುವ ಕಲ್ಲಿದ್ದಲ ಕಂಬ) ಸಣ್ಣದಾದರೂ ನಡೆಯುತ್ತೆ ಅಲ್ವಾ ಅಂತ ಒಬ್ಬ ಟ್ರೈನಿ ಕೇಳಿದ. ಇಲ್ಲಪ್ಪಾ. ಬೋಲ್ಟ್ ಹೊಲಿಯುವುದು ತಲೆ ಮೇಲಿನ ಒಂದೂವರೆ ಎರಡು ಮೀಟರ್ ಪದರವನ್ನು ಮಾತ್ರ. ಅದರ ಮೇಲಿನ ಭಾರವೆಲ್ಲ ಪಿಲ್ಲರ್ ಮೇಲೆ. 1957ರ ಕಲ್ಲಿದ್ದಲು ಗಣಿ ನಿಯಮಾವಳಿಯಲ್ಲೇ (2017ರಲ್ಲಿ ಅದರ ಜಾಗಕ್ಕೆ ಹೊಸದು ಬಂತು) ಲೆಕ್ಕ ಇತ್ತು: ಆಳ 150ರಿಂದ 240 ಮೀಟರ್, ಗ್ಯಾಲರಿ (ಪಿಲ್ಲರ್‌ಗಳ ನಡುವೆ ಕೊರೆದ ದಾರಿ) ಅಗಲ 4.8 ಮೀಟರ್ ಇದ್ದರೆ, ಪಿಲ್ಲರ್ ನಡುವಿಂದ ನಡುವಿಗೆ ಕನಿಷ್ಠ 34.5 ಮೀಟರ್. ಅಂದರೆ ಮೊದಲ ಸುತ್ತಿನಲ್ಲಿ ನಾವು ತೆಗೆಯುವುದು ಕಾಲು ಭಾಗದಷ್ಟು ಕಲ್ಲಿದ್ದಲು. ಉಳಿದದ್ದು ನಿಂತು ಭಾರ ಹೊರಬೇಕು.

ಆಮೇಲೆ ಆ ಪಿಲ್ಲರ್‌ಗಳನ್ನೇ ಕಡಿದು ತೆಗೆಯುವ ಹಂತದಲ್ಲಿ ನಮ್ಮ ಹಳೇ ಟಿಂಬರ್‌ಮನ್, ಅಂದರೆ ಛಾವಣಿಗೆ ಮರದ ಪ್ರಾಪ್ (ಆಸರೆ ಕಂಬ) ನಿಲ್ಲಿಸುವವನು, ರೆಸಿನ್‌ಗೆ ಮಾರ್ಕ್ಸ್ ಕೊಡುವುದಿಲ್ಲ. ಮರದ ಪ್ರಾಪ್ ಮುರಿಯುವ ಮುಂಚೆ ಕಿರಗುಟ್ಟುತ್ತೆ, ಓಡೋಕೆ ಟೈಮ್ ಕೊಡುತ್ತೆ, ಬೋಲ್ಟ್ ಬಾಯಿ ಬಿಡಲ್ಲ ಅನ್ನುತ್ತಾನೆ. ಸರಿಯಾಗೇ ಹೇಳುತ್ತಾನೆ. ಅಲ್ಲಿ ನಾವು ಪ್ರಾಪ್ ಬಿಟ್ಟಿಲ್ಲ.

ದೂರು ಒಂದಿದೆ. ಹೆಸರು ಬೇಡ, ಒಂದು ಕಂಪನಿಯಿಂದ ಏಪ್ರಿಲ್‌ನಲ್ಲಿ ಬಂದ ಪೆಟ್ಟಿಗೆಗಳಲ್ಲಿ ಕೆಲವು ಕ್ಯಾಪ್ಸೂಲ್ ಆಗಲೇ ಕಡ್ಡಿಯಂತೆ ಗಟ್ಟಿ. ದಾರಿಯಲ್ಲಿ ಬಿಸಿಲಿಗೆ ನಿಂತಿದ್ದವೋ ಏನೋ. ಬದಲಿ ಕೊಡಲು ತಿಂಗಳಾಯಿತು. ಈಗ ಪೆಟ್ಟಿಗೆ ಬಂದ ತಕ್ಷಣ ತಾರೀಕು ನೋಡಿ, ನಾಲ್ಕೈದು ಕ್ಯಾಪ್ಸೂಲನ್ನು ಬೆರಳಲ್ಲಿ ಒತ್ತಿ ನೋಡುತ್ತೇನೆ. ಟೂತ್‌ಪೇಸ್ಟ್ ಟ್ಯೂಬ್ ತರಹ ಮೆತ್ತಗಿದ್ದರೆ ಮಾತ್ರ ಕೆಳಗಿಳಿಸುತ್ತೇನೆ.